ಗಡಿ ದಾಟದ ನೀರುಳ್ಳಿ

ಮೊನ್ನೆ ಆದಿ ಉಡುಪಿಯ ಸಂತೆಯಲ್ಲಿ ನೀರುಳ್ಳಿ ರಾಶಿಯ ಘಾಟು ಮೂಗಿಗೆ ಬಡಿಯುವಾಗಲೇ ವ್ಯಾಪಾರಿ ಕರೆದ: "ಬನ್ನಿ ಅಕ್ಕ, ಹೊರದೇಶಕ್ಕೆ ಕಳಿಸುವುದು ಮತ್ತೆ ಬಂದ್ ಮಾಡಿದ್ದಾರೆ. ರೇಟು ಇಳಿದುಂಟು. ನಮಗೆ ಒಳ್ಳೆದೇ ಆಯಿತು, ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ಪಾಪ. ತೇಜನ ನೆನಪಾಗಿ.

ನಾನು ಮಣಿಪಾಲದಲ್ಲಿ ಕ್ಯಾಂಟೀನು ನಡೆಸುತ್ತಿದ್ದಾಗ ನೇಪಾಳದ ತೇಜ ನನ್ನ ಅಡುಗೆಯವ. ನನ್ನದು ಬಾಯಿ ಜೋರು, ಅವನದು ಕೈ. ಕ್ಯಾಂಟೀನು ನಡೆದದ್ದು ಯಾವುದರಿಂದ ಎಂದು ನೀವೇ ಊಹಿಸಿ. ಎಣ್ಣೆಯಲ್ಲಿ ಕರಿದ ಅವನ ನೀರುಳ್ಳಿ ಬಜೆಗೆ ಹುಡುಗರು ಸಾಲು ನಿಲ್ಲುತ್ತಿದ್ದರು. ತಂಗಿಯ ಮದುವೆಗೆ ಅವನು ಊರಿಗೆ ಹೊರಟಾಗ ಕಾರ್ಕಳದಿಂದ ತರಿಸಿದ ಗೋಡಂಬಿ ಕೊಟ್ಟೆ. ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ನೋಡಿ. ಅವನು ತಲೆ ಕೆರೆದುಕೊಂಡ.

"ಅಕ್ಕ, ನೀರುಳ್ಳಿ ಕೊಡ್ತೀರಾ? ನಿಮ್ಮವರು ಕಳಿಸುವುದು ನಿಲ್ಲಿಸಿದ್ದಾರೆ. ನಮ್ಮಲ್ಲಿ ಈಗ ರೇಟು ಮುಟ್ಟುವ ಹಾಗಿಲ್ಲ. ಮದುವೆ ಅಡುಗೆ ನನ್ನದೇ."

ನಾನು ನಕ್ಕುಬಿಟ್ಟೆ. "ಎಂತ ಮಾರಾಯ, ಉಡುಪಿಯಲ್ಲಿದ್ದು ಇಷ್ಟೂ ಕಲಿಯಲಿಲ್ಲವಾ? ನೀರುಳ್ಳಿ ಇಲ್ಲದೆಯೇ ಇಲ್ಲಿ ಮಠದಲ್ಲಿ ಸಾವಿರ ಎಲೆ ಊಟ ಆಗುತ್ತದೆ."

"ನೀವು ಬೇಡ ಅಂತ ಬಿಟ್ಟದ್ದು ಅಕ್ಕ. ನಮಗೆ ಕೊಡದೆ ಬಿಡಿಸಿದ್ದು."

ಅವನು ಹೇಳಿದ್ದು ಸರಿ. ನೆರೆದೇಶಗಳಿಗೆಲ್ಲ ದೊಡ್ಡಣ್ಣ ಎಂದು ನಾವೇ ಹೆಸರಿಟ್ಟುಕೊಂಡು ಮೀಸೆ ತಿರುವುತ್ತೇವೆ. ಪಕ್ಕದ ಮನೆಯವರು ನಮ್ಮ ಅಂಗಡಿಯನ್ನೇ ನಂಬಿ ಒಲೆ ಹಚ್ಚಬೇಕು. ನಮ್ಮ ಡಬ್ಬಿಯಲ್ಲಿ ಸ್ವಲ್ಪ ಕಡಿಮೆಯಾದೊಡನೆ ಒಂದು ಮಾತೂ ಹೇಳದೆ ಬಾಗಿಲು ಹಾಕುತ್ತೇವೆ. ಬೆಳೆದ ನಮ್ಮ ರೈತನನ್ನೂ ಕೇಳುವುದಿಲ್ಲ. ಇದೆಂಥ ಅಣ್ಣತನ? ನಾಚಿಕೆಯಾಗಬೇಕು.

ಹತ್ತು ಕಿಲೋ ಕಟ್ಟಿಕೊಟ್ಟೆ. ರೈಲು, ಬಸ್ಸುಗಳಲ್ಲಿ ಕಾಲ ಬುಡದಲ್ಲೇ ಇಟ್ಟುಕೊಂಡು ಕಾದನಂತೆ. ಗಡಿಯಿಂದ ಫೋನು ಬಂತು.

"ಚೆಕಿಂಗಿನವರು ಗೋಡಂಬಿ ಬಿಟ್ಟರು ಅಕ್ಕ. ನೀರುಳ್ಳಿ ತೆಗೆದಿಟ್ಟುಕೊಂಡರು." ಆಮೇಲೆ ಸಣ್ಣ ದನಿಯಲ್ಲಿ, "ಇಂಡಿಯಾದಲ್ಲಿ ದೊಡ್ಡ ಅಡುಗೆಯವ ಅಂತ ಊರಿಗೆಲ್ಲ ಹೇಳಿದ್ದೆ. ಈಗ ತಂಗಿಯ ಮದುವೆಗೆ ಸಪ್ಪೆ ಊಟ ಬಡಿಸಬೇಕು."

ಅವನು ಮತ್ತೆ ಬರಲಿಲ್ಲ. ಬಾ ಎಂದು ಕರೆಯುವ ಮುಖ ನನಗೂ ಇರಲಿಲ್ಲ.

"ಎಷ್ಟು ಕಿಲೋ ಅಕ್ಕ?" ವ್ಯಾಪಾರಿ ತಕ್ಕಡಿ ಹಿಡಿದು ಕಾಯುತ್ತಿದ್ದ. "ಬೇಡ" ಎಂದು ಸಿಡುಕಿ ಹೊರಟೆ. ಬಸ್ಸು ಕಲ್ಯಾಣಪುರ ತಲುಪುವವರೆಗೂ ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಏನೋ ದೊಡ್ಡ ಹೋರಾಟ ಮಾಡಿದವಳಂತೆ ಬೀಗಿದೆ. ಮನೆಯಲ್ಲಿ ನೀರುಳ್ಳಿ ಇಲ್ಲದ ಸಾಂಬಾರಿಗೆ ಒಗ್ಗರಣೆ ಹಾಕುವಾಗ ಸೌಟು ಕೈಯಲ್ಲೇ ನಿಂತಿತು. ನಾನೂ ಬೇಡ ಅಂತ ಬಿಟ್ಟವಳೇ. ನಾಳೆ ಬೇಕೆಂದರೆ ನನಗೆ ಸಿಗುತ್ತದೆ.