ಪಲ್ಯದ ಆಯಿ ಕೇಳಿದ ಪಿಟೀಲು

ಪಲ್ಯದ ಬುಟ್ಟಿಯನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ಇಳಿಸಿದ ಕೂಡಲೇ ಆಕೆ ಎಡಗಿವಿಯ ಮೇಲಿನ ಸೆರಗು ಸರಿಸುತ್ತಿದ್ದಳು. ಬೆಂಡೋಲೆಯ ಭಾರಕ್ಕೆ ಜೋತುಬಿದ್ದು, ತೂತು ಸೀಳಿಹೋಗಿದ್ದ ಕಿವಿ ಅದು. ಬುಟ್ಟಿಯಡಿಯ ಸಿಂಬಿ ಇನ್ನೂ ತಲೆಯ ಮೇಲೇ ಇರುತ್ತಿತ್ತು. ಅದನ್ನು ತೆಗೆಯುವ ನೆನಪೂ ಇಲ್ಲದೆ ಕೂತುಬಿಡುತ್ತಿದ್ದಳು.

ಇಟ್ಟಂಗಿಹಾಳದಿಂದ ಮುಂಜಾನೆಯ ಬಸ್ಸಿಗೆ ವಿಜಯಪುರಕ್ಕೆ ಬಂದು ನಮ್ಮ ಓಣಿಯಲ್ಲಿ ಮೆಂತೆ, ಸಬ್ಬಸಿಗೆ ಮಾರುತ್ತಿದ್ದ ಆಕೆಯನ್ನು ಎಲ್ಲರೂ ಪಲ್ಯದ ಆಯಿ ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಸಂಗೀತ ಕಲಿಸುವವನು. ಉಳಿದ ಹೊತ್ತು ಹಾಡುವವರ ಪಕ್ಕ ಕೂತು ಪಿಟೀಲು ಸಾಥ್ ಕೊಡುವವನು. ಶಾಲೆಗೆ ಹೊರಡುವ ಮುಂಚೆ ಒಂದು ತಾಸು ರಿಯಾಜು ಮಾಡುತ್ತಿದ್ದೆ.

ಮೊದಲ ದಿನ ಆಕೆ ಕೂತದ್ದು ನೋಡಿ, "ಇವತ್ತ ಪಲ್ಯಾ ಬ್ಯಾಡ ಆಯಿ" ಎಂದೆ.

"ಪಲ್ಯಾ ತಗೋ ಅಂತ ಯಾರ ಅಂದಾರ? ನೀ ಬಾರಸು."

ರಾಗದ ಹೆಸರು ಒಂದೂ ಆಕೆಗೆ ಗೊತ್ತಿರಲಿಲ್ಲ. ಆದರೂ ಒಂದು ದಿನ ಕೇಳಿದಳು: "ನಿನ್ನಿ ಮ್ಯಾಲಿಂದ ಇಳಿಯೂಮುಂದ ಒಂದ ಕಡೆ ನಿಂತಿದ್ದಿ. ಇವತ್ತ ಯಾಕ ಓಡಿದಿ? ಸಾಲಿಗಿ ಹೊತ್ತಾಗೇದೇನು?"

ನಿಜವಾಗಿಯೂ ಹೊತ್ತಾಗಿತ್ತು. ತಿಕೋಟಾದಿಂದ ಹಿಡಿದು ಎಷ್ಟೋ ಊರುಗಳಲ್ಲಿ ಸಾಥ್ ಕೊಟ್ಟಿದ್ದೇನೆ. ಜನ ಹಾಡುವವರನ್ನು ನೋಡುತ್ತಾರೆ, ಹಾಡುವವರು ಜನರನ್ನು ನೋಡುತ್ತಾರೆ. ನನ್ನ ಕಮಾನು ಎಲ್ಲಿ ನಿಂತಿತೆಂದು ಮರುದಿನದವರೆಗೆ ನೆನಪಿಟ್ಟವರು ಈಕೆ ಒಬ್ಬಳೇ.

ಹೋದ ವರ್ಷ ನನ್ನ ಬಲಭುಜ ಹಿಡಿದುಕೊಂಡಿತು. ಅದೇ ನೋವಿನಲ್ಲಿ ಬಬಲೇಶ್ವರಕ್ಕೆ ಒಂದು ಭಜನೆ ಕಾರ್ಯಕ್ರಮಕ್ಕೆ ಹೋದೆ. ಪಿಟೀಲಿನ ಪೆಟ್ಟಿಗೆ ಹಿಡಿದು ಬಸ್ಸಿಳಿದವನಿಗೆ ಕರೆದಾತನೇ ಹೇಳಿದ: "ತಪ್ಪ ತಿಳೀಬ್ಯಾಡ್ರಿ ಸರ. ಕೀಬೋರ್ಡಿನವ ಬಂದಾನ. ಅದರಾಗ ಪಿಟೀಲಿನ ದನೀನೂ ಬರ್ತದರಿ."

ನನಗೆ ಸಿಟ್ಟು ಕೂಡ ಬರಲಿಲ್ಲ. ಅಷ್ಟು ದಣಿದಿದ್ದೆ. ಮನೆಗೆ ಬಂದು ಪೆಟ್ಟಿಗೆಯನ್ನು ಕಪಾಟಿನ ಮೇಲೆ ತಳ್ಳಿಬಿಟ್ಟೆ.

ಆಯಿ ನಾಲ್ಕು ದಿನ ಬಂದು, ಮೆಟ್ಟಿಲ ಮೇಲೆ ಸುಮ್ಮನೆ ಕೂತು ಎದ್ದುಹೋದಳು. ಐದನೆಯ ದಿನ ಬಾಗಿಲಿಗೇ ಬಂದು ನಿಂತಳು.

"ದಣದೀನಿ ಆಯಿ. ಇನ್ನ ಬಾರಸೂದಿಲ್ಲ" ಎಂದೆ.

"ದಣದ್ರ ದಣದಾಂಗ ಬಾರಸೋ ಯಪ್ಪಾ. ನಾ ಏನ ಹಗುರಾಗಿ ಬಂದೀನೇನು? ನಸುಕಿನಾಗ ಪಲ್ಯಾ ಕಿತ್ತು, ಹೊತ್ತು, ಬಸ್ಸಿನಾಗ ನಿಂತ ಬಂದೀನಿ."

ಪೆಟ್ಟಿಗೆ ಇಳಿಸಿದೆ. ತೋಡಿ ರಾಗ ಹಿಡಿದೆ. ಭುಜ ಬಿಗಿದು ಕಮಾನು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಸ್ವರ ಎಳೆದು, ನಿಂತು, ಉಸಿರು ಬಿಟ್ಟು, ಮತ್ತೆ ಅದೇ ಸ್ವರಕ್ಕೆ ಬರುತ್ತಿದ್ದೆ. ಅಲ್ಲಲ್ಲಿ ತಂತಿ ಕಿರುಗುಟ್ಟಿತು. ಆಯಿ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ, ತನ್ನ ಮೊಣಕಾಲು ತಾನೇ ಒತ್ತಿಕೊಳ್ಳುತ್ತ ಕೇಳಿದಳು.

"ಇವತ್ತ ನೀ ಭಾಳ ಹತ್ರ ಕುಂತಾಂಗ ಆತು" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಅಂದಿನಿಂದ ನಾನು ನೋವನ್ನು ಅವಸರದಲ್ಲಿ ಮುಚ್ಚಲು ಹೋಗಲಿಲ್ಲ. ಕೈ ಎಷ್ಟು ಬರುತ್ತದೋ ಅಷ್ಟೇ ಬಾರಿಸಿದೆ.

ಈ ಬೇಸಿಗೆಯಲ್ಲಿ ಆಕೆ ಬರುವುದು ನಿಂತಿತು. ಸಾರವಾಡದ ಮಗಳ ಮನೆಗೆ ಹೋಗಿರಬೇಕೆಂದುಕೊಂಡೆ. ಒಂದು ಮುಂಜಾನೆ ಅದೇ ಬುಟ್ಟಿ ಹೊತ್ತು ಆಕೆಯ ಸೊಸೆ ಬಂದಳು.

"ಅತ್ತಿ ತೀರಿಹೋಗಿ ಹದಿನಾರ ದಿನಾ ಆತ್ರಿ. ನೀವ ಪಿಟೀಲ ಮಾಸ್ತರಲ್ರೀ? ಹೊಲದಾಗ ಕಸಾ ತಗಿಯೂಮುಂದ ದಿನಾ ನಿಮ್ಮ ಸುದ್ದಿನ ಹೇಳ್ತಿದ್ಳರಿ. ಇವತ್ತ ಹಿಂಗ ಅಳಸಿದ, ಹಿಂಗ ನಗಸಿದ ಅಂತ. ನಮಗೂ ಒಮ್ಮೆ ಕೇಳಸ್ರಿ."

ಒಂದು ಕಟ್ಟು ಮೆಂತೆ ಕೈಗೆತ್ತಿಕೊಂಡು ನಿಂತೆ. ಆಕೆ ನನ್ನನ್ನು ಕೇಳುತ್ತಿದ್ದಳೆಂದು ಗೊತ್ತಿತ್ತು. ಹೊಲದವರೆಗೆ ಒಯ್ಯುತ್ತಿದ್ದಳೆಂದು ಗೊತ್ತಿರಲಿಲ್ಲ.

ರವಿವಾರ ಇಟ್ಟಂಗಿಹಾಳಕ್ಕೆ ಹೋಗಿ ಹೊಲದ ಬದುವಿನ ಮೇಲೆ ಕೂತೆ. ಸೊಸೆ ಮತ್ತು ಜೊತೆಯ ಹೆಣ್ಣುಮಕ್ಕಳು ಸಾಲು ಹಿಡಿದು ಕಸ ತೆಗೆಯುತ್ತಿದ್ದರು. ಒಂದು ತಾಸು ತೋಡಿ ಬಾರಿಸಿದೆ. ಕಮಾನು ಕೆಳಗಿಟ್ಟಾಗ ಸೊಸೆ ಸೊಂಟ ನೆಟ್ಟಗೆ ಮಾಡಿ ನಿಂತಳು.

"ಛಲೋ ಅದರಿ" ಎಂದಳು. ಸ್ವಲ್ಪ ಯೋಚಿಸಿ, "ಆದ್ರ ಅತ್ತಿ ಹೇಳ್ತಿದ್ದಷ್ಟ ಇಲ್ರಿ" ಎಂದಳು.

ಉಳಿದವರು "ಏ, ಸುಮ್ನಿರ ಬೇ" ಎಂದು ಗದರಿಸಿದರು. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಆಕೆ ಹೇಳಿದ್ದು ಖರೆ. ಆಯಿ ಕೇಳಿಸಿಕೊಂಡಷ್ಟನ್ನು ನಾನು ಯಾವತ್ತೂ ಬಾರಿಸಿದವನಲ್ಲ.