ಟಿ.ವಿ.ಗೊಂದು, ನನಗೊಂದು

ನನಗೆ ಸಿಟ್ಟು ಬಂದರೆ ಕೈ ಸುಮ್ಮನಿರುವುದಿಲ್ಲ. ಹೊಡೆಯುತ್ತೇನೆಂದುಕೊಳ್ಳಬೇಡಿ, ಹೆಣೆಯುತ್ತೇನೆ. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದ ಹೊಸದರಲ್ಲಿ ಕ್ರೋಶಾ ಕಡ್ಡಿ ಹಿಡಿದು ಟಿ.ವಿ.ಗೆ, ರೇಡಿಯೋಕ್ಕೆ, ಕೊನೆಗೆ ನೀರಿನ ಫಿಲ್ಟರಿಗೂ ಒಂದೊಂದು ಲಂಗ ತೊಡಿಸಿದೆ. ಬಂದವರೆಲ್ಲ "ಒಳ್ಳೇ ಟೈಂಪಾಸು ಕಣ್ರೀ" ಎಂದರು. ಟೈಂಪಾಸಂತೆ! ಗಂಡಸರು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಡೀ ದಿನ ಕೂತರೆ ಅದು ರಾಜಕೀಯ, ನಾನು ಕಣ್ಣು ಕಿರಿದು ಮಾಡಿ ದಾರದಲ್ಲಿ ಹೂ ಎತ್ತಿದರೆ ಟೈಂಪಾಸು.

ಆ ಸಿಟ್ಟಿಗೇ ಸ್ವೆಟರಿಗೆ ಇಳಿದೆ. ಚಳ್ಳಕೆರೆಯ ಬಿಸಿಲಿಗೆ ಸ್ವೆಟರು! ನಮ್ಮ ಯಜಮಾನರು ನನ್ನ ಮೋರೆಗೆ ಹೆದರಿ ಒಂದೇ ಒಂದು ಸಲ ಹಾಕಿಕೊಂಡು ಬೆವರಿದರು. ತಪ್ಪನ್ನೆಲ್ಲ ಅಂಗಡಿಯ ಉಲ್ಲನ್ ದಾರದ ಮೇಲೆ ಹೊರಿಸಿ, ಹಿಂದಿನ ಬೀದಿಯ ಓಬಕ್ಕನ ಹತ್ತಿರ ಕುರಿ ಉಣ್ಣೆ ನೂಲುವುದನ್ನು ಕಲಿಯಲು ಹೋದೆ. ಓಬಕ್ಕ ರಾಟೆಯಲ್ಲಿ ನೂಲುತ್ತಿದ್ದಳು. ಅವಳ ಗಂಡ ತಿಪ್ಪಣ್ಣ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದ. ನನ್ನ ನೂಲು ಒಂದು ಕಡೆ ಹಗ್ಗ, ಇನ್ನೊಂದು ಕಡೆ ಕೂದಲು. ಓಬಕ್ಕ ಬೈದು ಬೈದು ತಿದ್ದಿದಳು. ಒಂದು ಕಂಬಳಿಗಾಗುವಷ್ಟು ನೂಲು ಸೇರಿದಾಗ ಅದನ್ನು ನಾನೇ ನೇಯಬೇಕೆಂಬ ಆಸೆ ಹುಟ್ಟಿತು. ಅಂಥಿಂಥ ಆಸೆಯಲ್ಲ, ಊಟ ಸೇರದಂಥದ್ದು.

ಕೇಳಿಯೇ ಬಿಟ್ಟೆ. ತಿಪ್ಪಣ್ಣ ಲಾಳಿ ಕೆಳಗಿಟ್ಟ.

"ಅದೊಂದು ಬ್ಯಾಡ ಕಣವ್ವ. ಹೆಂಗಸ್ರು ನಮ್ ಮಗ್ಗಕ್ಕೆ ಕಾಲಿಡಂಗಿಲ್ಲ. ದೇವ್ರ ಗದ್ದಿಗೆಗೆ ಹಾಸೋ ಕಂಬಳಿ, ಮೈಲಿಗೆ ಆಗ್ತೈತೆ."

ನನಗೆ ಪಿತ್ತ ನೆತ್ತಿಗೇರಿತು. ಜನ ಮಡಿಯೆಂದು ಉಟ್ಟು ಪೂಜೆಗೆ ಕೂರುವ ರೇಷ್ಮೆಯನ್ನು ನನ್ನ ತವರಿನಲ್ಲಿ ಹೆಂಗಸರೂ ನೇಯುತ್ತಾರೆ. ರೇಷ್ಮೆಗಿಲ್ಲದ ಮೈಲಿಗೆ ಕುರಿ ಕೂದಲಿಗೆ ಎಲ್ಲಿಂದ ಬಂತು? ಉಣ್ಣೆ ಕೊಟ್ಟವೆಲ್ಲ ಟಗರುಗಳೇ ಏನು? ಇದನ್ನೆಲ್ಲ ಬೀದಿಗೆ ಕೇಳಿಸುವಂತೆ ಕೂಗಿದೆ. ತಿಪ್ಪಣ್ಣ ಒಳ್ಳೆಯವನು, ಅದೇ ಕಷ್ಟ. ಕೆಟ್ಟವನ ಜೊತೆ ಜಗಳವಾಡಬಹುದು. ಒಳ್ಳೆಯವನು "ಪದ್ಧತಿ ಕಣವ್ವ" ಎಂದು ಕೈಮುಗಿದರೆ ಏನು ಮಾಡುವುದು?

ಜಗಳವನ್ನು ಎತ್ತಿಕೊಂಡವಳು ಓಬಕ್ಕ. ರಾಟೆಯನ್ನು ತಂದು ಗಂಡನ ಮುಂದೆ ಕುಕ್ಕಿದಳು.

"ಎಳೆ ಎಳೆನೂ ನನ್ ಬೆರಳಾಗೇ ಬಂದೈತೆ. ಅದು ಮೈಲಿಗೆ ಆಗ್ಲಿಲ್ವಾ? ಇವತ್ತಿಂದ ನೂಲೂ ನೀನೇ ತಗಿ. ನಿನ್ ಕಂಬಳಿ ಪೂರಾ ಮಡಿ ಆಗ್ಲಿ!"

ತಿಪ್ಪಣ್ಣ ನಕ್ಕ. ಮನೆಯಲ್ಲಿದ್ದ ನೂಲು ಮುಗಿಯುವವರೆಗೂ ನಗುತ್ತಲೇ ಇದ್ದ. ಆಮೇಲೆ ಮಗ್ಗ ನಿಂತಿತು. ತಾನೇ ರಾಟೆ ಹಿಡಿದರೆ ಎಳೆ ತುಂಡು ತುಂಡಾಗಿ ಬಿತ್ತು. ಸಂತೆ ಹತ್ತಿರವಾದಾಗ ನಮ್ಮ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, "ಬಂದು ಕುಂತ್ಕ ಬಾರವ್ವ" ಎಂದ.

ಗೆದ್ದೆನೆಂದು ಸೆರಗು ಸಿಕ್ಕಿಸಿಕೊಂಡು ಓಡಿದೆ. ಹೋಗಿ ನೋಡಿದರೆ ಕುಣಿಯೊಳಗೆ ಓಬಕ್ಕ ಇಳಿದು ಕೂತಿದ್ದಾಳೆ!

"ತಡಿಯವ್ವ," ಎಂದಳು ಲಾಳಿ ಎತ್ತಿಕೊಂಡು, "ನಿನಗಿಂತ ಮದ್ಲಿಂದ ಕಾಯ್ತಿದೀನಿ."

ತೆಪ್ಪಗೆ ಪಕ್ಕದಲ್ಲಿ ಕೂತು ಕಾದೆ. ನನ್ನ ಸರದಿಯಲ್ಲಿ ಕಂಬಳಿ ಸೊಟ್ಟಗೆ ಬಂತು. ನಮ್ಮ ಯಜಮಾನರು ಹಿಂದೆ ಮುಂದೆ ತಿರುಗಿಸಿ ನೋಡಿ, "ಟಿ.ವಿ.ಗೆ ದಪ್ಪ ಆಯ್ತಲ್ಲೇ" ಎಂದರು. ನಾನು ಅದನ್ನು ಕಿತ್ತುಕೊಂಡು ಹೊದ್ದು ಮಲಗಿದೆ. ಮೈಯೆಲ್ಲ ಚುಚ್ಚಿತು. ಚುಚ್ಚಲಿ, ನನ್ನಂಥವಳಿಗೆ ಮೆತ್ತಗಿರುವುದು ಒಗ್ಗುವುದೂ ಇಲ್ಲ.