ನಮ್ಮ ಬಾಗಿಲಲ್ಲಿ ಕುಡಿದ ನೀರು

ಮೊನ್ನೆ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ, ಕಿರಂಗೂರಿನಿಂದ ನಮಗೆ ಹಾಲು ತರುತ್ತಿದ್ದವಳು ಕಣ್ಣ ಮುಂದೆ ಬಂದು ನಿಂತಳು. ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಮನೆಗೆ ಬೆಳಗ್ಗೆ ಬಂದವಳು ಕ್ಯಾನು ಕೆಳಗಿಟ್ಟು ಮೊದಲು ಕೇಳುತ್ತಿದ್ದುದು ನೀರು. ಇದೇ ಚೊಂಬಿನಲ್ಲಿ. ತಲೆ ಎತ್ತಿ, ಗಟಗಟ, ಒಂದೇ ಉಸಿರಿಗೆ... ಸೆರಗೆಲ್ಲ ಒದ್ದೆ. ಕಾನ್ವೆಂಟಿನ ಸಿಸ್ಟರುಗಳಿಂದ ಟೇಬಲ್ ಮ್ಯಾನರ್ಸ್ ಕಲಿತ ನನಗೆ ನೋಡಿ ನಗು ಬರುತ್ತಿತ್ತು.

"ನಿನ್ನ ಹಾಲಿಗೆ ಇತ್ತೀಚೆಗೆ ನೀರು ಜಾಸ್ತಿ ಬೀಳ್ತಿದೆ ಕಣೇ," ಎಂದು ಒಮ್ಮೆ ರೇಗಿಸಿದೆ.

"ಬುಡಿ ಅಮ್ಮಾರೆ, ನಮ್ಮನೇಲಿ ಕುಡಿಯಕ್ಕೇ ನೀರಿಲ್ಲ, ಆಲ್ಗೆ ಎಲ್ಲಿಂದ ತಂದು ಉಯ್ಲಿ?" ಎಂದಳು, ಅವಳೂ ನಗುತ್ತಾ.

ಜೋಕು ಎಂದುಕೊಂಡೆ. ಅವರ ಹಿತ್ತಿಲ ಪಕ್ಕದಲ್ಲೇ ನಾಲೆ ಹರಿಯುತ್ತಿತ್ತು.

ವಿಷಯ ನಿಧಾನವಾಗಿ ತಿಳಿಯಿತು. ಅವಳ ಒಬ್ಬಳೇ ಮಗಳಿಗೆ, ಇನ್ನೂ ಸ್ಕೂಲಿಗೆ ಹೋಗುವ ಮಗುವಿಗೆ, ಕಿಡ್ನಿ ಕಾಯಿಲೆ. ಅಪ್ಪ ಬಸ್ಸಿನಲ್ಲಿ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ. ನೀರು ಅಳೆದು ಕೊಡಿ ಎಂದು ಡಾಕ್ಟರು ಹೇಳಿದ್ದರು. ಒಂದು ಪುಟ್ಟ ಸ್ಟೀಲ್ ಲೋಟ, ದಿನವಿಡೀ ಅದರಲ್ಲೇ ಗುಟುಕು ಗುಟುಕು. ಜಾಸ್ತಿಯಾದರೆ ಮೈ ಊದಿ ಉಸಿರು ಕಟ್ಟುತ್ತಿತ್ತು. ಹಾಗಾಗಿ ಗಂಡಹೆಂಡಿರಿಬ್ಬರೂ ಮಗಳ ಎದುರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅಡುಗೆಮನೆಯ ಬಿಂದಿಗೆ ಪಕ್ಕದ ಮನೆ ಸೇರಿತ್ತು. ಅವನು ಸರ್ಕಲ್ಲಿನ ಟೀ ಅಂಗಡಿಯಲ್ಲಿ ಕುಡಿದು ಬರುತ್ತಿದ್ದ, ಇವಳು ನಮ್ಮ ಬಾಗಿಲಲ್ಲಿ.

ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಆ ಮನೆಯಲ್ಲಿ ಅದೂ ನಿಂತುಹೋಯಿತು. ನಾಗಮಂಗಲದಿಂದ ಬಂದ ನಾದಿನಿ, "ಒಂದ್ ಲೋಟ ನೀರ್ಗೂ ಗತಿ ಇಲ್ವಾ ಈ ಮನೇಲಿ?" ಎಂದು ಎದ್ದು ಹೋದವಳು ಮತ್ತೆ ಬರಲೇ ಇಲ್ಲವಂತೆ.

"ಕಾರಣ ಹೇಳಬಾರದಿತ್ತಾ?" ಎಂದೆ.

"ಮಗಿ ಅಲ್ಲೇ ಕುಂತಿತ್ತಲ್ಲ ಅಮ್ಮಾರೆ... ಅದ್ರ ಮುಂದೆ ಎಂಗೇಳ್ಲಿ?"

ಒಂದು ಬೇಸಿಗೆಯ ಬೆಳಗ್ಗೆ ನೀರು ಕುಡಿದವಳು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಮಗೀಗೆ ಗೊತ್ತಾಗ್ಬುಟ್ಟದೆ ಅಮ್ಮಾರೆ. ನೆನ್ನೆ ಒದ್ದೆ ಸೆರಗು ಮುಟ್ಟಿ ನೋಡ್ತು. 'ಅವ್ವಾ, ಅಮ್ಮಾರ ಮನೆ ನೀರು ತಣ್ಗಿತ್ತಾ?' ಅಂತು. ಕ್ವಾಪ ಇಲ್ಲ, ಏನಿಲ್ಲ... ನಗ್ತಾ ಕೇಳ್ತು."

"ನೀನೇನಂದೆ?"

"ತಣ್ಗಿತ್ತು ಕಣವ್ವ, ಅಂದೆ."

ಆ ಮಳೆಗಾಲ ಕೆಲವು ದಿನ ಹಾಲು ಬರಲಿಲ್ಲ. ಮತ್ತೆ ಬಂದಾಗ ಅವಳ ಮುಖ ನೋಡಿಯೇ ತಿಳಿಯಿತು. ಕಂಡೋಲೆನ್ಸ್ ಹೇಳುವ ಬದಲು ಒಳಗೆ ಹೋಗಿ ಚೊಂಬಿನ ತುಂಬ ನೀರು ತಂದು ಹಿಡಿದೆ. ಅವಳು ಹಾಲು ಹಾಕಿ, ಕ್ಯಾನಿನ ಮುಚ್ಚಳ ಒತ್ತಿದಳು.

"ಬ್ಯಾಡಿ ಅಮ್ಮಾರೆ. ಈಗ ಮನೇಲೇ ಕುಡೀಬೋದು."

ಎಷ್ಟೋ ವರ್ಷಗಳಾದವು. ಹಸು ಮಾರಿದರು ಎಂದಷ್ಟೇ ಆಮೇಲೆ ಕೇಳಿದೆ. ಈಗ ನಮಗೆ ಪ್ಯಾಕೆಟ್ ಹಾಲು. ಮೊನ್ನೆ ಚೊಂಬು ತೊಳೆದು, ನೀರು ತುಂಬಿ, ಅವಳ ಹಾಗೆ ತಲೆ ಎತ್ತಿ ಕುಡಿದೆ. ಅಭ್ಯಾಸವಿಲ್ಲದ್ದು, ಸೆರಗೆಲ್ಲ ಒದ್ದೆಯಾಯಿತು.

ನೀರು ತಣ್ಣಗಿತ್ತು. ಸೆರಗು ಒಣಗುವವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ.